ಶನಿವಾರದ ಬಟಾಟೆವಡೆ

ಚೆನ್ನಯ ಸುಳ್ಳು ಹೇಳುವಾಗ ಆಲೂಗಡ್ಡೆಯ ಸಿಪ್ಪೆಯನ್ನು ದಪ್ಪಗೆ ಸುಲಿಯುತ್ತಾನೆ ಎಂಬುದು ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಉಮಾವತಿಗೆ ತಿಳಿದುಹೋಯಿತು.

"ಶನಿವಾರ ಬೆಳಿಗ್ಗೆ ನಾಷ್ಟಕ್ಕೆ ಎಂತ ಮಾಡಿದ್ದು?"

"ಉಪ್ಪಿಟ್ಟು, ಚಾ. ಯಾವಾಗಿನ ಹಾಗೆ."

"ಬೇರೆ?"

"ಬೇರೆ ಎಂತ ಇಲ್ಲ ಉಮಕ್ಕ."

ಚಾಕು ಆಳಕ್ಕಿಳಿಯಿತು. ಸಿಪ್ಪೆಯ ಜೊತೆ ಒಂದು ಒಳ್ಳೆಯ ಹೋಳೂ ಬುಟ್ಟಿಗೆ ಬಿತ್ತು. ಇಪ್ಪತ್ತು ವರ್ಷದಿಂದ ಕಾರ್ಖಾನೆಯ ಕ್ಯಾಂಟೀನ್ ನಡೆಸುವ ಗಂಡಸು, ಕೊತ್ತಂಬರಿಯ ದಂಟನ್ನೂ ಬಿಸಾಡದವನು, ಆಲೂಗಡ್ಡೆಯನ್ನು ಹೀಗೆ ಕೊಲ್ಲುತ್ತಿದ್ದಾನೆಂದರೆ ಅವನ ಮನಸ್ಸು ಕೈಯಲ್ಲಿಲ್ಲ.

ಉಮಾವತಿ ಅವಸರ ಮಾಡಲಿಲ್ಲ. ಮಣೆ ಎಳೆದುಕೊಂಡು ಅವನ ಎದುರೇ ಕೂತಳು. ಡೊಂಬಿವಲಿಯ ಅರ್ಧಕ್ಕರ್ಧ ಬ್ರಹ್ಮಚಾರಿಗಳಿಗೆ ಊಟ ಹಾಕಿದ ಖಾನಾವಳಿಯನ್ನು ಗಂಡ ತೀರಿಕೊಂಡ ಮೇಲೂ ಹದಿನೈದು ವರ್ಷ ನಡೆಸಿದವಳು ಅವಳು. ಯಾರು ಸಂಬಳವಾದ ದಿನ ಮುಖ ತಪ್ಪಿಸುತ್ತಾನೆ, ಯಾರು ಊರಿನ ಕಾಗದ ಓದಿ ಅನ್ನ ಬಿಡುತ್ತಾನೆ ಎಂಬುದನ್ನು ತಟ್ಟೆ ನೋಡಿಯೇ ಹೇಳುತ್ತಿದ್ದಳು. ಈಗ ಕಲ್ಯಾಣ ಕೋರ್ಟಿನ ವಕೀಲರು ಪೊಲೀಸರಿಗೆ ಸಿಗದ ಸತ್ಯ ಬೇಕಾದಾಗ ಅವಳ ಮನೆಯ ಬಾಗಿಲು ತಟ್ಟುತ್ತಾರೆ.

ಈ ಸಲ ಬಾಗಿಲು ತಟ್ಟಿದ್ದು ವಕೀಲರಲ್ಲ. ಮರಗಮ್ಮ. ನೀಲಾಂಗ ಡೈಕೆಮ್ ಎಂಬ ಈ ಬಣ್ಣದ ಕಾರ್ಖಾನೆಯಲ್ಲಿ ಶನಿವಾರ ದೊಡ್ಡ ಹಂಡೆಯೊಂದು ಕಾದು ಮುಚ್ಚಳ ಹಾರಿ, ಅದರ ವಿಷದ ಹೊಗೆಯಲ್ಲಿ ಅವಳ ಗಂಡ ಅಂಬಾದಾಸ ಸತ್ತಿದ್ದ. ಹಂಡೆಯನ್ನು ನೋಡಿಕೊಳ್ಳುತ್ತಿದ್ದವನು ಅವಳ ಸ್ವಂತ ತಮ್ಮ ಭೀಮು. ಹೊಗೆ ಕಂಡು ಅವನು ಓಡಿಹೋದ, ಆಮೇಲೆ ಸೈರನ್ ಆಯಿತು, ಅವನ ಬೇಜವಾಬ್ದಾರಿಯಿಂದ ಭಾವ ಸತ್ತ; ಇದು ಕಂಪನಿಯ ಮಾತು. ನಾಳೆ ವಿಚಾರಣೆಯಲ್ಲಿ ಈ ಮಾತೇ ನಿಂತರೆ ಭೀಮು ಜೈಲಿಗೆ.

"ಚೆನ್ನಯ, ಶನಿವಾರ ರಾತ್ರಿ ನಮ್ಮ ಭಜನಾಮಂಡಳಿಯ ಶನಿಪೂಜೆಗೆ ಬಂದಿದ್ದಿ ಅಲ್ವಾ?"

"ಬಂದಿದ್ದೆ."

"ಪಂಚಕಜ್ಜಾಯ ಹಂಚಿ ಆದ ಮೇಲೆ, ಚಪ್ಪಲಿ ಬಿಟ್ಟಲ್ಲಿ ಎರಡು ದೊಡ್ಡ ಬುಟ್ಟಿ ಇಟ್ಟುಕೊಂಡು ನಿಂತಿದ್ದಿ. ಹೋಗುವವರಿಗೆಲ್ಲ ಬಟಾಟೆವಡೆ ಕೊಟ್ಟಿ. ನನಗೂ ಎರಡು ಕೊಟ್ಟಿ."

ಚಾಕು ನಿಂತಿತು.

"ಚೆನ್ನಾಗಿತ್ತು," ಎಂದಳು ಉಮಾವತಿ. "ಆರಿ ತಣ್ಣಗಾಗಿತ್ತು, ಆದರೂ ಚೆನ್ನಾಗಿತ್ತು. ಬೆಳ್ಳುಳ್ಳಿ ಭರ್ತಿ ಬಿದ್ದಿತ್ತು."

ಚೆನ್ನಯನ ಕಿವಿ ಕೆಂಪಾಯಿತು. ಶನಿವಾರ ಒಪ್ಪೊತ್ತು ಮಾಡುವವನು ಅವನು. ಆ ದಿನ ಅವನ ಮನೆಯೊಳಗೆ ಈರುಳ್ಳಿ ಬುಟ್ಟಿಗೂ ಮುಸುಕು. ಅಂಥವನು ಶನಿದೇವರ ಪೂಜೆಯ ಬಾಗಿಲಿಗೆ ಬೆಳ್ಳುಳ್ಳಿ ವಡೆ ಹೊತ್ತು ತಂದದ್ದನ್ನು ನೋಡಿ ಅವತ್ತು ಹೆಂಗಸರೆಲ್ಲ ನಕ್ಕಿದ್ದರು. 'ಚೆನ್ನಯಣ್ಣನಿಗೆ ಏಳರಾಟ ಬಿಡ್ತು ಅಂತ ಕಾಣ್ತದೆ' ಎಂದು ಗೇಲಿ ಮಾಡಿದವಳು ಉಮಾವತಿಯೇ. ಚೆನ್ನಯ ಮಾತ್ರ ನಕ್ಕಿರಲಿಲ್ಲ. ಕಾರ್ಖಾನೆಯ ಸಾವಿನ ಸುದ್ದಿ ಅವಳ ಕಿವಿಗೆ ಬಿದ್ದದ್ದು ಮರುದಿನ.

"ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ ಅಲ್ವಾ?" ಅವಳ ದನಿ ಮೆತ್ತಗಾಯಿತು. "ಅಷ್ಟೊಂದು ವಡೆ. ತಿನ್ನಬೇಕಾದವರು ಯಾರೂ ತಿನ್ನಲಿಲ್ಲ."

ಚೆನ್ನಯ ಚಾಕು ಕೆಳಗಿಟ್ಟ. ಹಿಂದಿನ ಬಾಗಿಲಿನಿಂದ ಆಚೆ ಇಣುಕಿ, ಅದನ್ನು ಮುಂದಕ್ಕೆಳೆದುಕೊಂಡು ಬಂದು ಕೂತ.

"ಉಮಕ್ಕ, ನನ್ನ ಹೊಟ್ಟೆಗೆ ಹೊಡೀಬೇಡಿ. ಕ್ಯಾಂಟೀನ್ ಹೋದ್ರೆ ನಾನು ಬೀದಿಗೆ."

"ನಿನ್ನ ಹೊಟ್ಟೆಗೆ ಯಾರೂ ಹೊಡಿಯುವುದಿಲ್ಲ. ನಾನು ಹೇಳ್ತೇನೆ, ನೀನು ಅಲ್ಲ ಅಂದ್ರೆ ಅಲ್ಲ ಅನ್ನು, ಹೌದಾದ್ರೆ ಸುಮ್ಮನಿರು. ಆಯ್ತಾ?"

ಅವನು ತಲೆಯಾಡಿಸಿದ.

"ಈ ಕಾರ್ಖಾನೆಯಲ್ಲಿ ಡ್ರಿಲ್ ಅಂತ ಒಂದು ಮಾಡ್ತಾರೆ. ಬೆಂಕಿ ಬಿದ್ದರೆ ಹೇಗೆ ಓಡಬೇಕು ಅಂತ ಕಲಿಸುವ ನಾಟಕ. ಸೈರನ್ ಆದ ಕೂಡಲೇ ಎಲ್ಲ ಕೈಯಲ್ಲಿದ್ದದ್ದು ಬಿಟ್ಟು ಬೇವಿನ ಮರದ ಕೆಳಗೆ ಸಾಲು ನಿಲ್ಲಬೇಕು. ಗುತ್ತಿಗೆಯವರು ಮೊದಲು ಬರುತ್ತಲೇ ಇರಲಿಲ್ಲ. ಹಾಗಾಗಿ ಡ್ರಿಲ್ ಮುಗಿದ ಮೇಲೆ ತಲೆಗೆ ಎರಡು ವಡೆ, ಒಂದು ಚಾ ಅಂತ ಕಂಪನಿಯೇ ರೂಢಿ ಹಾಕಿತು. ಬೇರೆ ದಿನ ಇಲ್ಲಿ ವಡೆ ಇಲ್ಲ."

ಚೆನ್ನಯ ಸುಮ್ಮನಿದ್ದ.

"ಈಗ ಅವರಲ್ಲಿ ಒಂದು ಮಾತೇ ಉಂಟಂತೆ. ಮರಗಮ್ಮ ಹೇಳಿದಳು. 'ವಡಾದ ವಾಸ್ನಿ ಬಂದ್ರ ನಡಿ, ಬರಲಿಲ್ಲಂದ್ರ ಓಡು.' ಅಂದ್ರೆ ಸೈರನ್ ನಿಜವಾ ನಾಟಕವಾ ಅಂತ ಅವರು ತಿಳಿಯುವುದು ನಿನ್ನ ಬಾಣಲೆಯಿಂದ."

ಅವನು ಸುಮ್ಮನಿದ್ದ. ಕಣ್ಣಂಚು ಒದ್ದೆಯಾಯಿತು.

"ವಡೆಗೆ ಆಲೂಗಡ್ಡೆ ಬೇಯಿಸಿ ಆರಲಿಕ್ಕೆ ಬಿಡಬೇಕು. ಬಿಸಿ ಇರುವಾಗ ಉಂಡೆ ಕಟ್ಟಿದ್ರೆ ಎಣ್ಣೆಯಲ್ಲಿ ಒಡೀತದೆ. ಕಾರ್ಖಾನೆಯವರಿಗೆಲ್ಲ ಆಗುವಷ್ಟು ಅಂದ್ರೆ ಬೆಳಕು ಹರಿಯುವ ಮೊದಲೇ ಒಲೆ ಹಚ್ಚಬೇಕು. ಶನಿವಾರ ಸೈರನ್ ಆಗ್ತದೆ ಅಂತ ನಿನಗೆ ಹಿಂದಿನ ದಿನವೇ ಗೊತ್ತಿತ್ತು. ಅಂದ್ರೆ ಭೀಮು ಹೆದರಿ ಓಡಿದ್ದಲ್ಲ, ಡ್ರಿಲ್ಲಿಗೆ ಅಂತ ಹಂಡೆ ಬಿಟ್ಟು ಬಂದದ್ದು."

ಒಲೆಯ ಮೇಲೆ ಸಾರು ಕೊತಕೊತ ಎಂದಿತು.

"ಹೇಳಿದ್ದು ರಂಜನ್ ಸಾಹೇಬ್ರಾ?"

ಚೆನ್ನಯ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡು ಬಹಳ ಹೊತ್ತಾದರೂ ಬಟ್ಟೆಯನ್ನು ಮುಖದಿಂದ ತೆಗೆಯಲಿಲ್ಲ. ಉಮಾವತಿಗೆ ಅಷ್ಟು ಸಾಕಾಗಿತ್ತು.

*

ವರ್ಕ್ಸ್ ಮ್ಯಾನೇಜರ್ ರಂಜನ್ ಅಡ್ಯಂತಾಯರ ಕೋಣೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ. ಸುರಕ್ಷತೆಗೆ ಸಿಕ್ಕ ಢಾಲುಗಳು, ಹಾರ ಹಾಕಿಸಿಕೊಂಡ ಫೋಟೋಗಳು. ಕುರ್ಚಿಯ ಹಿಂದೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಕಂಪನಿಯ ಸುರಕ್ಷತೆಯ ನಿಯಮಗಳು, ಕೆಳಗೆ ಅವರದೇ ರುಜು.

"ಬನ್ನಿ ಅಕ್ಕ, ಕೂತ್ಕೊಳ್ಳಿ." ರಂಜನ್ ಎದ್ದು ನಿಂತೇ ಬರಮಾಡಿಕೊಂಡರು. ಕಾರ್ಕಳದ ಕಡೆಯವರು. ನಲವತ್ತೈದರ ಆಸುಪಾಸು. ಯಾರನ್ನೂ ಗದರದ ಮನುಷ್ಯ, ಭಜನಾಮಂಡಳಿಗೆ ಕೇಳದೆಯೇ ಚಂದಾ ಕೊಡುವವರು. "ಊರಿನವರು ಬಂದರೆ ನನಗೆ ಖುಷಿ. ಎಂತ ಕುಡೀತೀರಿ?"

"ಕೆಲಸ ಮುಗೀಲಿ, ಆಮೇಲೆ."

"ಆ ಭೀಮುವಿನ ವಿಷಯವಾ? ಪಾಪ. ನನಗೂ ಬೇಜಾರುಂಟು. ಆದ್ರೆ ಏಳು ಜನರ ಹೇಳಿಕೆ ಉಂಟಕ್ಕ. ಹೊಗೆ ಕಾಣಿಸಿತು, ಭೀಮು ಓಡಿದ, ಸೈರನ್ ಆಯಿತು. ಏಳು ಜನವೂ ಅದನ್ನೇ ಹೇಳ್ತಾರೆ."

"ಅದೇ ನನಗೆ ಹಿಡಿಸಲಿಲ್ಲ ನೋಡಿ," ಎಂದಳು ಉಮಾವತಿ. "ಒಂದು ಮದುವೆಗೆ ನಾಲ್ಕು ಹೆಂಗಸರು ಹೋಗಿ ಬಂದರೆ ಮದುಮಗಳ ಸೀರೆಗೆ ನಾಲ್ಕು ಬಣ್ಣ ಹೇಳ್ತಾರೆ. ನಿಮ್ಮ ಏಳು ಜನ ಹೊಗೆಯೊಳಗೆ ಓಡಿಯೂ ಒಂದು ಶಬ್ದ ಆಚೀಚೆ ಮಾಡಲಿಲ್ಲ."

ರಂಜನ್ ನಕ್ಕರು. ನಗು ಒಳ್ಳೆಯದೇ ಇತ್ತು. ಸ್ವಲ್ಪ ಬೇಗ ಮುಗಿಯಿತು.

"ಶನಿವಾರ ಡ್ರಿಲ್ ಇತ್ತು," ಎಂದಳು.

"ಇರಲಿಲ್ಲ."

"ಜರ್ಮನಿಯಿಂದ ಮಾಲು ಕೊಳ್ಳುವವರು ಬಂದಿದ್ದರು. ನಿಮ್ಮಲ್ಲಿ ಎಲ್ಲ ಶಿಸ್ತಾಗಿ ನಡೀತದೆ ಅಂತ ತೋರಿಸಬೇಕಿತ್ತು."

"ಅವರು ಬಂದು ಹೋದದ್ದು ಶುಕ್ರವಾರ. ಗೇಟಿನಲ್ಲಿ ಕೇಳಿ ಬೇಕಾದ್ರೆ. ಡ್ರಿಲ್ ಮಾಡಿದ್ರೆ ನೋಟೀಸು ಇರ್ತದೆ. ತೋರಿಸಿ ನೋಡುವಾ."

"ನೋಟೀಸು ನೀವು ಹರಿದು ಹಾಕಿದ್ದೀರಿ. ಗೇಟಿನವನ ಬಾಯಿ ಕಟ್ಟಿದ್ದೀರಿ. ಜಾಣರು, ಎಲ್ಲ ಅಳಿಸಿದ್ದೀರಿ. ಆದ್ರೆ ಸಾಹೇಬ್ರೇ, ವಡೆಯನ್ನು ಎಂತ ಮಾಡ್ತೀರಿ?"

"ಯಾವ ವಡೆ?"

ಉಮಾವತಿ ಹೇಳಿದಳು. ಬುಟ್ಟಿ, ಬೆಳ್ಳುಳ್ಳಿ, ಚಪ್ಪಲಿಯ ಬಳಿ ನಿಂತು ತಿಂದ ಜನ, ಅವರಲ್ಲಿ ಬ್ಯಾಂಕಿನವರು, ಹೋಟೆಲಿನವರು, ಒಬ್ಬ ನಿವೃತ್ತ ಮಾಸ್ತರು. ಹೇಳುತ್ತಾ ಹೋದಂತೆ ರಂಜನರ ಕೈ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಹಿಡಿದುಕೊಂಡಿತು.

"ವಿಚಾರಣೆಯಲ್ಲಿ ನಗ್ತಾರೆ ಅಕ್ಕ. ವಡೆಯ ಸಾಕ್ಷಿ!"

"ನಗಲಿ. ನಕ್ಕು ಆದ ಮೇಲೆ ಒಂದು ಪ್ರಶ್ನೆ ಕೇಳ್ತಾರೆ. ಸೈರನ್ ಅಚಾನಕ್ಕಾಗಿ ಆದದ್ದಾದರೆ ಬೆಳಗಿನ ಜಾವಕ್ಕೇ ವಡೆ ಯಾಕೆ ಬೇಯ್ತಿತ್ತು ಅಂತ. ಅದಕ್ಕೆ ನಿಮ್ಮ ಹತ್ತಿರ ಏನುಂಟು?"

"ಚೆನ್ನಯನ ಕಾಂಟ್ರಾಕ್ಟು ಈ ತಿಂಗಳಿಗೆ ಮುಗೀತದೆ." ಮೆಲ್ಲಗೆ, ಬೆಣ್ಣೆ ಹಚ್ಚಿದ ಹಾಗೆ ಹೇಳಿದರು.

"ಅವನು ಬಾಯಿ ಬಿಟ್ಟಿಲ್ಲ. ಬಿಡುವ ಅಗತ್ಯವೂ ಇಲ್ಲ. ತಿಂದವರೆಲ್ಲ ನಾಲಿಗೆ ಇರುವವರೇ. ಅವರಲ್ಲಿ ನಾನೂ ಒಬ್ಬಳು. ನನ್ನ ಕಾಂಟ್ರಾಕ್ಟು ಯಾವಾಗ ಮುಗಿಸ್ತೀರಿ?"

ಉಮಾವತಿ ಎದ್ದು ಅವರ ಕುರ್ಚಿಯ ಹಿಂದಿನ ಚೌಕಟ್ಟಿನ ಹತ್ತಿರ ಹೋದಳು. ಕನ್ನಡಕ ಏರಿಸಿ, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು.

"ಇದರಲ್ಲಿ ಮೂರನೆಯದ್ದು, ಹಂಡೆಯಲ್ಲಿ ಮಾಲು ಕಾಯ್ತಾ ಇರುವಾಗ ಡ್ರಿಲ್ ಮಾಡಬಾರದು ಅಂತ ಅಲ್ವಾ? ಕೆಳಗಿನ ರುಜು ನಿಮ್ಮದೇ."

"ನಾನು ಹೇಳಿದೆ ಅಕ್ಕ." ರಂಜನರ ದನಿ ಒಮ್ಮೆಲೇ ಸಣ್ಣದಾಯಿತು. "ಚೇರ್ಮನ್‌ರಿಗೆ ಹೇಳಿದೆ. ಹಂಡೆ ಖಾಲಿ ಆಗಲಿ, ಮಧ್ಯಾಹ್ನ ಮಾಡುವಾ ಅಂತ. ಜರ್ಮನಿಯವರಿಗೆ ಸಂಜೆ ವಿಮಾನ. 'ರಂಜನ್, ಹತ್ತು ನಿಮಿಷದ ಕೆಲಸ' ಅಂದರು. ನಾನು ಎಂತ ಮಾಡ್ಲಿ? ನಾನೂ ಸಂಬಳಕ್ಕೆ ಇರುವವ."

"ಒಂದು ಸಲ ಮೆಲ್ಲಗೆ ಹೇಳಿದಿರಿ. ಸತ್ತ ಮೇಲೆ ಎಲ್ಲರೆದುರು ಸುಮ್ಮನಿದ್ದಿರಿ. ಅದು ಸಾಲದು ಅಂತ ಗುತ್ತಿಗೆಯ ಹುಡುಗನ ತಲೆಗೆ ಕಟ್ಟಿದಿರಿ." ಅವಳು ದನಿ ಏರಿಸಲಿಲ್ಲ. "ನಾಳೆ ವಿಚಾರಣೆಯಲ್ಲಿ ಎದ್ದು ನಿಂತು ಡ್ರಿಲ್ ಇತ್ತು ಅನ್ನಿ. ನೀವೇ ಹೇಳಿದರೆ ನಿಮಗೆ ಮರ್ಯಾದೆ ಉಳೀತದೆ. ನನ್ನ ಬಾಯಿಂದ ಬಂದರೆ ಉಳಿಯುವುದಿಲ್ಲ."

ರಂಜನ್ ಪೇಪರ್‌ವೇಟನ್ನು ತಿರುಗಿಸಿದರು. ಆಮೇಲೆ ಉಮಾವತಿ ನಿರೀಕ್ಷಿಸದ ಮಾತೊಂದನ್ನು ಆಡಿದರು.

"ಡ್ರಿಲ್ ಇತ್ತು ಅಂತ ನೀವು ಗೆದ್ದರೂ ಭೀಮು ಉಳಿಯುವುದಿಲ್ಲ ಅಕ್ಕ."

"ಯಾಕೆ?"

"ಹಂಡೆಯ ಸುತ್ತ ತಣ್ಣೀರು ಓಡ್ತಾ ಇರ್ತದೆ. ಅದು ಓಡ್ತಾ ಇದ್ದರೆ, ಯಾರೂ ನೋಡದೆ ಬಿಟ್ಟರೂ ಹಂಡೆ ಅರ್ಧ ಗಂಟೆ ತಡೀತದೆ. ಡ್ರಿಲ್ ಹತ್ತು ನಿಮಿಷದ್ದು. ಹಾಗಾದ್ರೆ ಕಾದದ್ದು ಹೇಗೆ?" ಅವರು ಕಣ್ಣೆತ್ತಿದರು. "ನೀರಿನ ವಾಲ್ ಬಂದ್ ಇತ್ತು. ಹೊಗೆ ಇಳಿದ ಮೇಲೆ ನಾನೇ ಕಣ್ಣಾರೆ ನೋಡಿದ್ದು. ತಾನಾಗಿ ಬಂದ್ ಆಗುವ ವಾಲ್ ಅಲ್ಲ ಅದು. ಎರಡು ಕೈ ಹಾಕಿ ತಿರುಗಿಸಬೇಕು. ಅಂಬಾದಾಸ ಬಿದ್ದಿದ್ದದ್ದು ಅದರ ಬುಡದಲ್ಲೇ. ಪಾಪ, ಅದನ್ನು ತೆಗೀಲಿಕ್ಕೇ ವಾಪಸು ಓಡಿದ್ದಿರಬೇಕು."

ವಾಲಿನ ಮಾತನ್ನು ಉಮಾವತಿ ಕೇಳಿದ್ದು ಇದೇ ಮೊದಲು. ಮುಖದಲ್ಲಿ ತೋರಿಸಲಿಲ್ಲ.

"ಇದನ್ನು ಯಾವ ಹೇಳಿಕೆಯಲ್ಲೂ ಬರೆಸಿಲ್ಲ ನೀವು."

"ಬರೆಸಿದರೆ ಆ ಹುಡುಗನಿಗೆ ಇನ್ನೂ ಕಷ್ಟ ಅಂತ..."

"ಬಿಡಿ ಸಾಹೇಬ್ರೇ. ಕೊರಳಿಗೆ ಹಗ್ಗ ಹಾಕಿದವನು ನೋಯ್ತದೆ ಅಂತ ಗಂಟು ಸಡಿಲ ಮಾಡುವುದಿಲ್ಲ. ನೀವು ಅಡಗಿಸಿದ್ದು ಭೀಮುವಿಗಾಗಿ ಅಲ್ಲ, ಬೇರೆ ಯಾರಿಗೋ." ಅವಳು ಚೀಲ ಹೆಗಲಿಗೇರಿಸಿದಳು. "ಇರಲಿ. ವಿಚಾರಣೆ ನಡೆಸುವ ಟಿಪ್ಣಿಸ್ ಸಾಹೇಬರ ಎದುರು ಎಲ್ಲ ಬಿಚ್ಚಿಡ್ತೇನೆ. ನಾಳೆ ನೋಡುವಾ."

ಟಿಪ್ಣಿಸ್ ಎಂದ ಕೂಡಲೇ ರಂಜನ್ ಕಿಟಕಿಯ ಕಡೆ ತಿರುಗಿದರು.

"ಹೇಳಿ," ಎಂದರು. "ಅವರಿಗೇ ಹೇಳಿ."

ಸೋತವನ ಮಾತು ಎಂದುಕೊಂಡಳು ಉಮಾವತಿ. ಕುಡಿಯಲು ಏನೂ ಕೇಳದೆ ಹೊರಬಂದಳು.

*

ಡೊಂಬಿವಲಿ ಸ್ಟೇಷನ್ನಿನ ಎದುರಿನ ಪಿಸಿಓದಲ್ಲಿ ಸಾಲು ಇತ್ತು. ಊರಿಗೆ ಫೋನು ಮಾಡುವವರು, ಹುಡುಗಿಗೆ ಫೋನು ಮಾಡುವವರು. ಗಾಜಿನ ಬಾಗಿಲ ಆಚೆ ನಿಂತು ಅವಳು ಲೆಕ್ಕ ಹಾಕಿದಳು. ರಂಜನ್ ಬಾಯಿ ಬಿಡಬಹುದು, ಬಿಡದೆಯೂ ಇರಬಹುದು. ವಡೆಯ ಸಾಕ್ಷಿ ಗಟ್ಟಿ. ವಾಲ್ ಒಂದೇ ಬಿಕ್ಕಟ್ಟು. ಅದನ್ನು ತೂಗಿ ನೋಡಲು ಬುದ್ಧಿ ಇರುವ ಮನುಷ್ಯ ಬೇಕು.

ಟಿಪ್ಣಿಸ್ ಅಂಥವರು. ವಾಶಿಯಲ್ಲಿರುವ ಸುರಕ್ಷತೆಯ ಸಲಹೆಗಾರ; ಕಾರ್ಖಾನೆಗಳ ಬಗ್ಗೆ ಮರಾಠಿ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಕಂಪನಿಯವರು ತಮ್ಮದೇ ಆಫೀಸರನ್ನು ವಿಚಾರಣೆಗೆ ಕೂರಿಸಲು ಹೊರಟಾಗ ಕೆಲಸಗಾರರು ಗೇಟಿನಲ್ಲಿ ಕೂತು ಹೊರಗಿನವರೇ ಬೇಕೆಂದು ಹಟ ಹಿಡಿದರು. ಆಗ ಎರಡೂ ಕಡೆಯವರು ಒಪ್ಪಿದ ಹೆಸರು ಅದು. ಅವರ ವರದಿಯನ್ನೇ ಪೊಲೀಸರೂ ಕಾಯುತ್ತಿದ್ದರು.

ಫೋನಿನಲ್ಲಿ ಅವರ ಮರಾಠಿ ಹಾಲಿನಂತೆ ಮೆತ್ತಗೆ ಬಂತು. "ಬೋಲಾ ಉಮಾಬಾಯಿ."

ಅವಳು ಹೇಳಿದಳು. ವಡೆಯ ಮಾತಿಗೆ ಅವರು ಮನಸಾರೆ ನಕ್ಕರು. ವಾಲಿನ ಮಾತಿಗೆ ಸುಮ್ಮನಾದರು.

"ಆ ಹುಡುಗ ವಾಲಿನ ವಿಷಯ ಏನಾದರೂ ಹೇಳಿದ್ದಾನೆಯೇ?"

"ಇನ್ನೂ ಕೇಳಿಲ್ಲ. ಈಗ ಅಲ್ಲಿಗೇ ಹೊರಟಿದ್ದೇನೆ."

"ಒಳ್ಳೆಯದು. ನೋಡಿ, ನಾನು ಈ ಕಂಪನಿಯ ಗೇಟನ್ನು ಮೊದಲ ಸಲ ಕಂಡದ್ದು ಈ ಸೋಮವಾರ. ನನಗೆ ಅಲ್ಲಿ ಯಾರ ಹಂಗೂ ಇಲ್ಲ. ಆದರೆ ನಾಳೆ ಅಷ್ಟು ಜನ ಸಾಹೇಬರ ಎದುರು ಆ ಹುಡುಗನಿಗೆ ಬಾಯಿ ಬಾರದು. ಇವತ್ತೇ ನಾನು ಬಂದು ಅವನ ಮಾತು ಕೇಳುತ್ತೇನೆ. ಎಲ್ಲಿದ್ದಾನೆ?"

ಮರಗಮ್ಮನನ್ನೂ ತನ್ನನ್ನೂ ಬಿಟ್ಟರೆ ಭೀಮು ಇರುವ ಜಾಗ ಯಾರಿಗೂ ಗೊತ್ತಿರಲಿಲ್ಲ. ಪೊಲೀಸರು ಎರಡು ಸಲ ಕಲ್ಯಾಣದ ಅವನ ಖೋಲಿಗೆ ಬಂದು ಬರಿಗೈಯಲ್ಲಿ ಹೋಗಿದ್ದರು. ಉಮಾವತಿ ಒಂದು ಗಳಿಗೆ ತಡೆದಳು. ಆಮೇಲೆ ತನ್ನ ಅನುಮಾನಕ್ಕೆ ತಾನೇ ನಕ್ಕಳು. ವೈದ್ಯನ ಹತ್ತಿರ ಹೋಗಿ ಹೊಟ್ಟೆನೋವು ಎಲ್ಲಿ ಎಂದು ಹೇಳದಿದ್ದರೆ ಹೇಗೆ?

"ಮುಂಬ್ರಾ," ಎಂದಳು. ಗುಡ್ಡದ ಬುಡ, ನೀರಿನ ಟಾಕಿ, ಅದರ ಹಿಂದಿನ ಓಣಿ, ಕೊನೆಯ ಖೋಲಿ. ಒಂದೂ ಬಿಡದೆ ಗುರುತು ಕೊಟ್ಟಳು.

*

ಸ್ಲೋ ಲೋಕಲ್ ದಿವಾ ದಾಟಿ ಸುಮ್ಮನೆ ನಿಂತುಬಿಟ್ಟಿತು. ಅವಳು ಮುಂಬ್ರಾದಲ್ಲಿ ಇಳಿದು, ಓಣಿ ಹತ್ತಿ, ಉಸಿರು ಬಿಡುತ್ತ ಖೋಲಿ ಸೇರುವಾಗ ಬಿಸಿಲು ಗುಡ್ಡದ ಆಚೆ ಜಾರುತ್ತಿತ್ತು. ಮರಗಮ್ಮ ಬಾಗಿಲು ತೆರೆದಳು. ಲಿಂಗಸುಗೂರಿನ ಕಡೆಯ ಹೆಣ್ಣು. ಎದುರಿಗಿದ್ದವರನ್ನು ನೆಟ್ಟಗೆ ನೋಡುವ ಕಣ್ಣು.

"ಬರ್ರಿ ಅಕ್ಕಾರ. ನೀರ ಕುಡೀರಿ. ಮಾರಿ ಯಾಕ ಹಂಗ ಬಾಡೇತ್ರಿ?"

"ಮೊದಲು ಭೀಮುವನ್ನು ಕರಿ."

ಭೀಮು ಅಟ್ಟದಿಂದ ಇಳಿದ. ಇಪ್ಪತ್ತೆರಡರ ಹರೆಯ. ಬಣ್ಣದ ಕೆಂಪು ಇನ್ನೂ ಉಗುರುಗಳಲ್ಲಿ ಉಳಿದಿತ್ತು.

"ಡ್ರಿಲ್ ಇತ್ತು ಅಂತ ಸಾಬೀತು ಮಾಡಬಹುದು," ಎಂದಳು ಉಮಾವತಿ.

ಮರಗಮ್ಮ ಎರಡೂ ಕೈ ಮುಗಿದಳು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ. ನಾ ಹೇಳಿರ್ಲಿಲ್ಲೇನ? ಇಂವಾ ಓಡಿ ಹೋಗೊ ಹುಡುಗ ಅಲ್ರಿ. ವಡಾದ ವಾಸ್ನಿ ಬಂದಿತ್ತು, ನಡಕೊಂತ ಹೊಂಟಾನ."

ಭೀಮುವಿನ ಮುಖ ಅರಳಲಿಲ್ಲ. ಉಮಾವತಿ ಅದನ್ನೇ ನೋಡುತ್ತಿದ್ದಳು.

"ಭೀಮು, ತಣ್ಣೀರಿನ ವಾಲ್ ಬಂದ್ ಇತ್ತಂತೆ."

ಅವನು ನೆಲ ನೋಡಿದ.

"ಯಾರು ಮಾಡಿದ್ದು?"

"ಹೇಳೋ," ಎಂದಳು ಮರಗಮ್ಮ. "ಅಕ್ಕಾರ ಮುಂದ ಹೇಳದ್ದು ಯಾರ ಮುಂದ ಹೇಳತಿ?"

"ನಾನ ಮಾಡಿದ್ನ್ರಿ," ಎಂದ ಭೀಮು.

ಓಣಿಯಲ್ಲಿ ಯಾರದೋ ರೇಡಿಯೋ ಹಾಡುತ್ತಿತ್ತು. ಮರಗಮ್ಮನ ಕೈಯ ನೀರಿನ ತಂಬಿಗೆ ಅಲ್ಲೇ ನಿಂತಿತು.

"ಆ ಹಂಡೇದ್ದು ಎಲ್ಲೋ ಸೋರತೈತ್ರಿ. ತಂಪ ಮಾಡಿ ಹೊರಗ ಬರೋ ನೀರು ಕೆಂಪಗ ಗಟಾರಕ್ಕ ಹರೀತೈತಿ. ದಿನಾ ಹರೀತೈತಿ, ಯಾರೂ ಕೇಳಂಗಿಲ್ಲ. ಅವತ್ತ ಪರದೇಶಿ ಸಾಹೇಬ್ರು ಆ ದಾರೀಲೆ ಬರೋರಿದ್ರು. ಅವರ್ಕಿಂತ ಮುಂದ ನಮ್ಮ ದೇಶದ ಸಾಹೇಬ ಒಬ್ಬಂವ ಬಂದ. ಗಟಾರ ನೋಡಿದ. 'ಹೇ ಪಾಣಿ ಬಂದ್ ಕರ್, ಪಾಹುಣೆ ಯೇತಾಯ್ತ್' ಅಂದ, ನೀರ ಬಂದ್ ಮಾಡು, ಪರದೇಶಿ ಮಂದಿ ಬರಾಕತ್ತಾರ ಅಂತ. ಹಂಡೆ ಕಾದೈತ್ರಿ ಅಂದೆ. 'ಐದ ಮಿನಿಟ್, ಅವರು ದಾಟಿ ಹೋಗ್ಲಿ, ಆಮ್ಯಾಗ ಬಿಡು' ಅಂದ. ಬಂದ್ ಮಾಡಿದೆ."

"ಆಮೇಲೆ?"

"ಅವ್ರು ದಾಟಿ ಹೋದ್ರು. ವಾಲಿಗೆ ಕೈ ಹಚ್ಚೂದ್ರಾಗ ಸೈರನ್ ಆತು. ಸುಪರ್‌ವೈಜರ್ ಅಂಗಿ ಹಿಡದು ಎಳದ. 'ಸಾಹೇಬ್ರು ಗಡಿಯಾರ ಹಿಡದಾರ, ನಡಿ' ಅಂದ. ಬೇವಿನ ಗಿಡದ ಕೆಳಗ ಸಾಲ ನಿಂತಾಗ ಅಂಬಾದಾಸ ಮಾವಗ ಹೇಳ್ದೆ, ನೀರ ಬಂದ್ ಐತಿ ಅಂತ. ಮಾವ ಓಡಿದ." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಹೇಳಿದಂವಾ ಸಾಹೇಬ, ಖರೆ. ತಿರುವಿದ ಕೈ ನಂದಲ್ರಿ? ಮಾವನ್ನ ಓಡಿಸಿದ ಬಾಯಿನೂ ನಂದ. ಅಕ್ಕನ ಮುಂದ ಹ್ಯಾಂಗ ಹೇಳ್ಲಿ?"

ಉಮಾವತಿ ಮರಗಮ್ಮನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ ತಮ್ಮನ ಬಾಯಿಂದ ಬಂದ ಮಾತು ಇದು. ಬೈಯುತ್ತಾಳೋ, ಎದೆ ಬಡಿದುಕೊಳ್ಳುತ್ತಾಳೋ.

ಮರಗಮ್ಮ ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ತಮ್ಮನ ಎರಡೂ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು, ಹುಟ್ಟಿದ ಮಗುವಿನ ಕೈ ನೋಡುವ ಹಾಗೆ.

"ಕೈ ನಿಂದು," ಎಂದಳು. "ಹುಕುಮ್ ಯಾರದು? ಅದನ್ನ ಹೇಳು ಮೊದಲ."

"ಹೆಸರ ಗೊತ್ತಿಲ್ಲಕ್ಕ. ಕಂಪನಿಯಂವ ಅಲ್ಲ. ಹೊರಗಿನಂವ. ರಂಜನ್ ಸಾಹೇಬ್ರು ಅಂವಗ ಭಾಳ ತಗ್ಗಿ ಬಗ್ಗಿ ನಡೀತಿದ್ರು."

ಉಮಾವತಿಯ ತಲೆಯಲ್ಲಿ ತುಂಡುಗಳು ತಾವಾಗಿ ಕೂಡತೊಡಗಿದವು. ರಂಜನ್ ವಾಲನ್ನು ಅಡಗಿಸಿದ್ದು ಇವನಿಗಾಗಿ. ಕಂಪನಿಯವನಲ್ಲ, ಆದರೂ ಅವನು ಸಿಕ್ಕಿಬಿದ್ದರೆ ಕಂಪನಿಯೇ ಮುಳುಗುವಂಥವನು. ಅವನೊಬ್ಬ ಸಿಕ್ಕಿದರೆ ಭೀಮು ಉಳಿದ ಹಾಗೆ. ಅವಳಿಗೆ ಹುರುಪು ಬಂತು.

"ನೋಡಲಿಕ್ಕೆ ಹೇಗಿದ್ದ?"

"ತೆಳ್ಳಗ, ಬೆಳ್ಳಗ, ಹಿರೇ ಮನಷ್ಯಾ. ಬಿಸಲಿಗಿ ಟೊಪ್ಪಿಗಿ ಹಾಕಿದ್ದ, ಮಾರಿ ಪೂರಾ ಕಾಣಲಿಲ್ಲ. ಆದ್ರ ದನಿ ಎಲ್ಲಿ ಕೇಳಿದ್ರೂ ಗುರ್ತ ಹಿಡೀತೀನ್ರಿ. ಬೈದ್ರೂ ಹೂವಿನಂಗ ಬೈಯೂ ದನಿ."

ಓಣಿಯ ಬಾಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಮಕ್ಕಳು 'ಗಾಡಿ, ಗಾಡಿ' ಎಂದು ಕೂಗಿದರು. ಬೂಟುಗಳು ಮೆಟ್ಟಿಲು ಹತ್ತತೊಡಗಿದವು.

"ಹೆದರಬೇಡಿ," ಎಂದಳು ಉಮಾವತಿ. "ವಿಚಾರಣೆ ಮಾಡುವ ಸಾಹೇಬರು. ನಾನೇ ಬರಲಿಕ್ಕೆ ಹೇಳಿದ್ದು. ಅವರಿಗೆ ಎಲ್ಲ..."

"ಉಮಾಬಾಯಿ?" ಮನೆಯಲ್ಲಿದ್ದೀರಾ ಎಂದು ಹೊರಗಿನಿಂದ ಮರಾಠಿಯಲ್ಲಿ ಕರೆ ಬಂತು. ಹಾಲಿನಂತೆ ಮೆತ್ತಗೆ. "ಆಹಾತ್ ಕಾ ಘರಾತ್?"

ಭೀಮು ಸುತ್ತಿಗೆಯ ಪೆಟ್ಟು ಬಿದ್ದವನಂತೆ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತ. ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದು ಬಾಗಿಲ ಕಡೆ ಗದ್ದ ತೋರಿಸಿದ.

"ಅದ," ಎಂದ, ಉಸಿರಲ್ಲೇ. "ಅದ ದನಿ."

ಖೋಲಿಗೆ ಇದ್ದದ್ದು ಒಂದೇ ಬಾಗಿಲು. ಕಿಟಕಿಯೆಂದರೆ ಅಟ್ಟದ ಬಳಿ ಕೈ ತೂರುವಷ್ಟು ಸಂದಿ. ಗುಡ್ಡದ ಬುಡ, ಟಾಕಿಯ ಹಿಂದಿನ ಓಣಿ, ಕೊನೆಯ ಖೋಲಿ. ಗುರುತೆಲ್ಲ ತನ್ನ ಬಾಯಿಂದಲೇ ಹೋಗಿತ್ತು, ಕಂಪನಿಯ ಗೇಟನ್ನು ಸೋಮವಾರವೇ ಮೊದಲು ಕಂಡೆ ಎಂದವನ ಕಿವಿಗೆ.

"ಹುಡುಗನಿಗೆ ಹೇಳಿ, ಗಾಬರಿಯಾಗುವುದು ಬೇಡ ಅಂತ," ಎಂದಿತು ಆಚೆಯ ದನಿ, ಈಗ ಹೊಸ್ತಿಲಿನ ಹತ್ತಿರ. "ಅವನ ಒಳ್ಳೆಯದಕ್ಕೇ ಇಬ್ಬರು ಪೊಲೀಸರನ್ನೂ ಜೊತೆಗೆ ಕರೆತಂದಿದ್ದೇನೆ."

ಮರಗಮ್ಮ ತಮ್ಮನ ಮುಂದೆ ಬಂದು ನಿಂತಳು. ಉಮಾವತಿ ಅವಳ ಮುಂದೆ. ಸೆರಗನ್ನು ಸೊಂಟಕ್ಕೆ ಬಿಗಿದಳು, ಖಾನಾವಳಿಯಲ್ಲಿ ಜಗಳ ಬಿಡಿಸಲು ಹೋಗುವಾಗ ಬಿಗಿಯುತ್ತಿದ್ದ ಹಾಗೆ. ಕೈ ಚಾಚಿ ತಾನೇ ಅಗುಳಿ ತೆಗೆದಳು.

"ಬನ್ನಿ ಟಿಪ್ಣಿಸ್ ಸಾಹೇಬ್," ಎಂದಳು. "ಬಾಗಿಲು ತಗ್ಗು. ತಲೆ ಬಗ್ಗಿಸಿಯೇ ಬರಬೇಕು."